ಲಾಕ್ ಹಾಕಿದ್ರೂ ಒಂದೇ ಫೈಲ್ ಇಬ್ಬರಿಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಸರ್ ನಮಸ್ಕಾರ, ನಾನು ಪೆರ್ಲ ಹತ್ರದವನು, ಬಿಟೆಕ್ ಮೂರನೇ ವರ್ಷ. ಓಎಸ್ ಲ್ಯಾಬಲ್ಲಿ ಎಕ್ಸ್‌ವಿ6 (ಕಲಿಯುವವರಿಗೆ ಅಂತ ಮಾಡಿದ ಸಣ್ಣ ಆಪರೇಟಿಂಗ್ ಸಿಸ್ಟಮ್) ಕರ್ನಲಿನ, ಅಂದ್ರೆ ಅದರ ತಿರುಳಿನ, ಫೈಲ್ ಭಾಗ ನಾವೇ ಹೊಸತಾಗಿ ಬರೀಬೇಕು ಅಂತ ಕೊಟ್ಟಿದ್ದಾರೆ. ಫೈಲ್ ಟೇಬಲ್ಲಿಗೆ (ತೆರೆದಿರುವ ಫೈಲುಗಳ ಪಟ್ಟಿ) ಲಾಕ್, ಅಂದ್ರೆ ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಬೀಗ, ಹಾಕಿದ್ದೇನೆ. ಲಾಕ್ ಹಿಡಿದು ಖಾಲಿ ಜಾಗ ಹುಡುಕ್ತೇನೆ, ಸಿಕ್ಕಿದ ಕೂಡ್ಲೆ ಲಾಕ್ ಬಿಟ್ಟು, ಆಮೇಲೆ ಅದರ ರೆಫ್ (ಹಿಡ್ಕೊಂಡವರ ಎಣಿಕೆ) ಅನ್ನು 1 ಮಾಡ್ತೇನೆ. ಆದ್ರೂ ನಾಲ್ಕೈದು ಪ್ರೊಸೆಸ್ (ಓಡ್ತಾ ಇರುವ ಪ್ರೋಗ್ರಾಮ್) ಒಟ್ಟಿಗೆ ಫೈಲ್ ಓಪನ್ ಕ್ಲೋಸ್ ಮಾಡುವಾಗ ಕೆಲವು ಸಲ "ಪ್ಯಾನಿಕ್: ಫೈಲ್‌ಕ್ಲೋಸ್" ಅಂತ ಬಂದು ನಿಲ್ತದೆ. ಸಿಪಿಯು ಒಂದೇ ಇಟ್ರೆ ಬರುದಿಲ್ಲ, ಮೂರು ಇಟ್ರೆ ಬರ್ತದೆ, ನಡುವೆ ಪ್ರಿಂಟ್ ಹಾಕಿದ್ರೆ ಮಾಯ. ಮತ್ತೆ ಸೇಫ್ಟಿಗೆ ಇರ್ಲಿ ಅಂತ ಕ್ಲೋಸ್ ಫಂಕ್ಷನ್ ಪೂರ್ತಿ ಲಾಕಿನ ಒಳಗೆ ಇಟ್ಟೆ, ಈಗ "ಪ್ಯಾನಿಕ್: ಸ್ಕೆಡ್ ಲಾಕ್ಸ್" ಅಂತ ಬೇರೆಯೇ ಬರ್ತಾ ಉಂಟು. ಎಂತ ಮಾಡುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಉಂಟು, "ಆಮೇಲೆ" ಅಂತ ಬರ್ದಿದ್ದೀರಲ್ಲ, ಆ ಶಬ್ದದಲ್ಲಿ. ಲಾಕ್ ಬಿಟ್ಟು ಆಮೇಲೆ ರೆಫ್ 1 ಮಾಡ್ತೇನೆ ಅಂದ್ರಿ. ಆ ಬಿಟ್ಟದ್ದಕ್ಕೂ ಮಾಡಿದ್ದಕ್ಕೂ ನಡುವೆ ಇರುವ ಜಾಗದಲ್ಲೇ ನಿಮ್ಮ ಬಗ್ ಕೂತಿರುದು.

ನಮ್ಮ ಬಾಯಾರಿನ ಮನೆಯಲ್ಲಿ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಬಂದು ಬೀಳುವ ಟಾಂಕಿ ಒಂದೇ, ಅದು ಎರಡು ಮನೆಯ ತೋಟಕ್ಕೆ. ಅಪ್ಪ ಬೆಳಿಗ್ಗೆ ಹೋಗಿ ಟಾಂಕಿ ತುಂಬಿದ್ದು ನೋಡಿ ಬಂದು, ಚಾ ಕುಡಿದು, ಪೈಪು ಹಿಡ್ಕೊಂಡು ಹೋಗುವಷ್ಟರಲ್ಲಿ ಮೇಲಿನ ಮನೆಯವರು ಅವರ ತೋಟಕ್ಕೆ ನೀರು ಬಿಟ್ಟಾಗಿರ್ತಿತ್ತು. ಅಪ್ಪ ನೋಡಿದ್ದು ಸುಳ್ಳಲ್ಲ, ನೋಡುವಾಗ ಟಾಂಕಿ ತುಂಬಿಯೇ ಇತ್ತು, ಆದ್ರೆ ನೋಡಿದ್ದು ಒಂದು ಹೊತ್ತಿಗೆ, ಬಿಟ್ಟದ್ದು ಇನ್ನೊಂದು ಹೊತ್ತಿಗೆ. ನಿಮ್ಮ ಕೋಡಿನಲ್ಲೂ ಇದೇ ಆದದ್ದು. ನೋಡುದು ಲಾಕಿನ ಒಳಗೆ ಉಂಟು, ಹಿಡಿಯುದು ಹೊರಗೆ ಉಂಟು.

ಈಗ ಒಂದೊಂದೇ ಹೆಜ್ಜೆ ನೋಡುವ. ಎಕ್ಸ್‌ವಿ6ರ ಫೈಲ್ ಟೇಬಲ್ಲಿನಲ್ಲಿ 100 ಜಾಗ ಇರ್ತದೆ, ಇಡೀ ಸಿಸ್ಟಮಿಗೆ ಸೇರಿ ಅಷ್ಟೇ. ಪ್ರತಿಯೊಂದರಲ್ಲೂ ಅದು ಯಾವ ಬಗೆಯದು, ಎಷ್ಟು ಜನ ಹಿಡ್ಕೊಂಡಿದ್ದಾರೆ ಅನ್ನುವ ರೆಫ್ ಎಣಿಕೆ, ಎಲ್ಲಿವರೆಗೆ ಓದಿ ಆಯ್ತು ಅನ್ನುವ ಆಫ್‌ಸೆಟ್, ಯಾವ ಐನೋಡ್ (ಡಿಸ್ಕಿನಲ್ಲಿರುವ ಫೈಲಿನ ವಿವರ ಇಡುವ ದಾಖಲೆ) ಅನ್ನುವ ಪಾಯಿಂಟರ್, ಇಷ್ಟು. ಸಿಪಿಯು 0 ಲಾಕ್ ಹಿಡೀತು, ಏಳನೇ ಜಾಗದ ರೆಫ್ ಸೊನ್ನೆ ಅಂತ ನೋಡಿತು, ಲಾಕ್ ಬಿಟ್ಟಿತು. ಅದು ರೆಫ್ ಬರೆಯುವ ಮೊದಲೇ ಸಿಪಿಯು 1 ಅದೇ ಲಾಕ್ ಹಿಡೀತು, ಏಳನೇ ಜಾಗದ ರೆಫ್ ಇನ್ನೂ ಸೊನ್ನೆಯೇ, ಅದೂ ಅದನ್ನೇ ತಕ್ಕೊಂಡಿತು. ಈಗ ಇಬ್ಬರೂ ರೆಫ್ ಅನ್ನು 1 ಅಂತ ಬರೀತಾರೆ. ಇಬ್ಬರು ಹಿಡ್ಕೊಂಡಿದ್ದಾರೆ, ಎಣಿಕೆ ಒಂದು. ಆ ಕ್ಷಣಕ್ಕೆ ಏನೂ ಆಗುದಿಲ್ಲ, ಅದೇ ಇದರ ಕಷ್ಟ. ಮೊದಲನೆಯವ ಕ್ಲೋಸ್ ಮಾಡಿದಾಗ ಎಣಿಕೆ ಸೊನ್ನೆ ಆಗ್ತದೆ, ಎರಡನೆಯವ ಕ್ಲೋಸ್ ಮಾಡ್ಲಿಕ್ಕೆ ಬಂದಾಗ ಎಣಿಕೆ ಒಂದಕ್ಕಿಂತ ಕಮ್ಮಿ ಉಂಟು, ಫೈಲ್‌ಕ್ಲೋಸ್ ಅದನ್ನೇ ಚೆಕ್ ಮಾಡಿ ಪ್ಯಾನಿಕ್ ಆಗುದು. ಕೊಲೆ ಆದದ್ದು ಓಪನ್ ಮಾಡುವಾಗ, ಹೆಣ ಸಿಕ್ಕಿದ್ದು ಕ್ಲೋಸಿನಲ್ಲಿ, ಹಾಗಾಗಿ ನೀವು ಕ್ಲೋಸ್ ಫಂಕ್ಷನನ್ನೇ ನೋಡ್ತಾ ಕೂತ್ರಿ.

ಸರಿ ಮಾಡ್ಲಿಕ್ಕೆ ಒಂದೇ ಸಾಲು ಮೇಲೆ ತರಬೇಕು: ರೆಫ್ 1 ಮಾಡುದು ಲಾಕ್ ಬಿಡುವ ಮೊದಲು. ಹುಡುಕುದು, ಸೊನ್ನೆ ಅಂತ ಕಾಣುದು, 1 ಅಂತ ಬರೆಯುದು, ಈ ಮೂರೂ ಒಂದೇ ಹಿಡಿತದಲ್ಲಿ ಆಗ್ಬೇಕು. ಲಾಕ್ ಅಂದ್ರೆ ಕೋಡಿನ ಸಾಲುಗಳಿಗೆ ಹಾಕುವ ಬೇಲಿ ಅಂತ ತುಂಬ ಜನ ತಿಳ್ಕೊಂಡಿದ್ದಾರೆ, ಹಾಗಲ್ಲ. ಲಾಕ್ ಕಾಯುದು ಒಂದು ಮಾತನ್ನು. ಇಲ್ಲಿ ಆ ಮಾತು "ರೆಫ್ ಎಣಿಕೆಯೂ ನಿಜವಾಗಿ ಹಿಡ್ಕೊಂಡವರ ಸಂಖ್ಯೆಯೂ ಯಾವಾಗಲೂ ಒಂದೇ" ಅನ್ನುದು. ಲಾಕ್ ಹಿಡಿದಾಗ ಒಳಗೆ ಸ್ವಲ್ಪ ಹೊತ್ತು ಆ ಮಾತು ತಪ್ಪಿದ್ರೂ ಅಡ್ಡಿಲ್ಲ, ಬಿಡುವಾಗ ಅದು ಮತ್ತೆ ನಿಜ ಆಗಿರ್ಬೇಕು. ಲಾಕ್ ಡಿಕ್ಲೇರ್ ಮಾಡುವ ಸಾಲಿನ ಮೇಲೆ ಆ ಮಾತನ್ನು ಕಾಮೆಂಟಾಗಿ ಬರೆದು ಬಿಡಿ. ಎಕ್ಸ್‌ವಿ6ರಲ್ಲೇ ಪ್ರೊಸೆಸ್ ಸ್ಟ್ರಕ್ಟಿನ ಒಳಗೆ ಯಾವ ಫೀಲ್ಡ್ ಮುಟ್ಟುವಾಗ ಯಾವ ಲಾಕ್ ಹಿಡ್ಕೊಂಡಿರ್ಬೇಕು ಅಂತ ಕಾಮೆಂಟ್ ಉಂಟು ನೋಡಿ, ಲಿನಕ್ಸಿನ ಡಾಕ್ಯುಮೆಂಟೇಶನ್ ಫೋಲ್ಡರಿನಲ್ಲಂತೂ ಫೈಲ್‌ಸಿಸ್ಟಮಿಗೆ ಲಾಕಿಂಗ್ ಅಂತಲೇ ಒಂದು ಫೈಲ್ ಇಟ್ಟಿದ್ದಾರೆ, ಯಾವ ಫಂಕ್ಷನ್ ಕರೆಯುವಾಗ ಯಾವ ಲಾಕ್ ಕೈಯಲ್ಲಿ ಇರ್ತದೆ ಅಂತ. ಇದು ಚಂದಕ್ಕೆ ಬರೆಯುವ ಕಾಮೆಂಟ್ ಅಲ್ಲ ಮಾರಾಯ್ರೆ, ಆರು ತಿಂಗಳು ಬಿಟ್ಟು ನೀವೇ ಆ ಕೋಡ್ ತೆರೆದಾಗ ನಿಮ್ಮನ್ನು ಉಳಿಸುದು ಅದೇ.

ಫೋರ್ಕ್ ಮಾಡುವಾಗ, ಅಂದ್ರೆ ಒಂದು ಪ್ರೊಸೆಸ್ ತನ್ನದೇ ನಕಲು ಹುಟ್ಟಿಸುವಾಗ, ಆ ಮಗು ಪ್ರೊಸೆಸ್ಸಿಗೆ ಫೈಲ್ ಕೊಡ್ಲಿಕ್ಕೆ ಫೈಲ್‌ಡಪ್ ಕರೀತದೆ, ಅದರಲ್ಲಿ ಇರುದು ರೆಫ್ ಒಂದು ಜಾಸ್ತಿ ಮಾಡುದು ಮಾತ್ರ, ಒಂದೇ ಸಾಲಿಗೆ ಲಾಕ್ ಯಾಕೆ ಅಂತ ಬಿಟ್ಟಿರಬಹುದು ಅಂತ ನಂಗೆ ಸಂಶಯ ಉಂಟು, ಒಮ್ಮೆ ನೋಡಿ. ಸಿ ಭಾಷೆಯಲ್ಲಿ ಒಂದು ಸಾಲು, ಪ್ರೊಸೆಸರಿಗೆ ಮೂರು ಕೆಲಸ: ಮೆಮೊರಿಯಿಂದ ತರುದು, ಒಂದು ಕೂಡಿಸುದು, ವಾಪಸ್ ಇಡುದು. ಇಬ್ಬರೂ 2 ಅಂತ ತಂದ್ರೆ ಇಬ್ಬರೂ 3 ಅಂತ ಇಡ್ತಾರೆ, 4 ಆಗ್ಬೇಕಾದದ್ದು 3 ಆಯ್ತು, ಒಬ್ಬನ ಕೂಡಿಸಿದ್ದು ನೀರಲ್ಲಿ ಹೋಮ ಮಾಡಿದ ಹಾಗೆ.

ಇನ್ನು ಒಂದೇ ಸಿಪಿಯು ಇಟ್ರೆ ಬರುದಿಲ್ಲ ಅಂದದ್ದು. ಬರುದಿಲ್ಲ ಅಲ್ಲ, ಅಪರೂಪ. ಎಕ್ಸ್‌ವಿ6ರಲ್ಲಿ ಕರ್ನಲ್ ಕೋಡ್ ಓಡುವಾಗಲೂ ಟೈಮರ್ ಇಂಟರಪ್ಟ್ ಬಂದು ಬೇರೆ ಪ್ರೊಸೆಸ್ಸಿಗೆ ಸಿಪಿಯು ಕೊಡಬಹುದು, ಸರಿಯಾಗಿ ನಿಮ್ಮ ಆ "ಆಮೇಲೆ" ಅನ್ನುವ ಜಾಗದಲ್ಲೇ ಅದು ಬಂದ್ರೆ ಒಂದೇ ಸಿಪಿಯುವಿನಲ್ಲೂ ಅದೇ ಕಥೆ. ಪ್ರಿಂಟ್ ಹಾಕಿದ್ರೆ ಮಾಯ ಆಗುದು ಯಾಕೆ ಅಂದ್ರೆ ಪ್ರಿಂಟ್ ಕೂಡ ಒಂದು ಲಾಕ್ ಹಿಡೀತದೆ, ನಿಧಾನ ಬೇರೆ, ಅದರಿಂದ ಎಲ್ಲ ಪ್ರೊಸೆಸ್ಸುಗಳು ಲೈನಿನಲ್ಲಿ ನಿಂತ ಹಾಗೆ ಆಗಿ ಟೈಮಿಂಗ್ ಬದಲಾಗ್ತದೆ. ನಾನು ಕಲೀತಿದ್ದ ಕಾಲದಲ್ಲಿ ಇಂಥದ್ದೇ ಒಂದು ಬಗ್‌ನ ಹಿಂದೆ ಹನ್ನೊಂದು ದಿನ ತಿರುಗಿದ್ದೆ, ಕೊನೆಗೆ ಪ್ರಿಂಟ್ ಹಾಕಿದ್ರೆ ಸರಿ ಆಗ್ತದೆ ಅಂತ ಪ್ರಿಂಟನ್ನು ಹಾಗೇ ಬಿಟ್ಟು ಸಬ್ಮಿಟ್ ಮಾಡಿದ್ದೆ, ಎಲ್ಲರ ಎದುರು ಡೆಮೋ ಕೊಡುವಾಗ ಹೋಯ್ತು. ನೀವು ಹಾಗೆ ಮಾಡ್ಬೇಡಿ. ಡಿಲೇ ಹಾಕುದು, ಪ್ರಿಂಟ್ ಹಾಕುದು ಬಗ್ಗನ್ನು ತೆಗೆಯುದಿಲ್ಲ, ಅಡಗಿಸಿ ಇಡ್ತದೆ. ಬದಲಿಗೆ ಉಲ್ಟಾ ಮಾಡಿ: ಲಾಕ್ ಬಿಟ್ಟ ಕೂಡ್ಲೆ ಒಂದು ದೊಡ್ಡ ಖಾಲಿ ಲೂಪ್ ಹಾಕಿ ಆ ಸಂದನ್ನು ಅಗಲ ಮಾಡಿ ನೋಡಿ, ಬಗ್ ಪ್ರತಿ ಸಲವೂ ಬರ್ಲಿಕ್ಕೆ ಶುರು ಆಗ್ತದೆ. ಆಗ ನಿಮಗೆ ಕಾರಣ ಸಿಕ್ಕಿದ್ದು ಖಾತ್ರಿ.

ಈಗ ಎರಡನೇ ಪ್ಯಾನಿಕ್, ಸ್ಕೆಡ್ ಲಾಕ್ಸ್. ನಂಗೆ ಇದೇ ಹೆಚ್ಚು ಇಷ್ಟದ ಭಾಗ, ಯಾಕಂದ್ರೆ ಫೈಲ್ ಕೋಡ್ ಬೇರೆ ಕೋಡಿನ ಹಾಗೆ ಅಲ್ಲ ಅಂತ ಗೊತ್ತಾಗುದೇ ಇಲ್ಲಿ. ಫೈಲ್ ಟೇಬಲ್ಲಿನ ಲಾಕ್ ಸ್ಪಿನ್‌ಲಾಕ್. ಅದು ಸಿಗದೆ ಇದ್ರೆ ಸಿಪಿಯು ಮಲಗುದಿಲ್ಲ, ಸಿಗ್ತದಾ ಸಿಗ್ತದಾ ಅಂತ ಸುತ್ತುತ್ತಾ ಇರ್ತದೆ, ಹಿಡಿದವನ ಸಿಪಿಯುವಿನಲ್ಲಿ ಇಂಟರಪ್ಟ್ ಕೂಡ ಬಂದ್ ಆಗಿರ್ತದೆ. ಹಾಗಾಗಿ ಅದನ್ನು ಹಿಡ್ಕೊಂಡು ನಿದ್ದೆ ಹೋಗುವ ಹಾಗಿಲ್ಲ. ಕ್ಲೋಸ್ ಮಾಡುವಾಗ ಕೊನೆಗೆ ಐನೋಡನ್ನು ಬಿಟ್ಟುಕೊಡುವ ಐಪುಟ್ ಕರೀಬೇಕು, ಐಪುಟ್ ಡಿಸ್ಕಿಗೆ ಹೋಗಬಹುದು, ಡಿಸ್ಕ್ ಉತ್ತರ ಕೊಡುವವರೆಗೆ ಪ್ರೊಸೆಸ್ ಮಲಗ್ತದೆ. ಆಗ ಶೆಡ್ಯೂಲರ್ ಒಳಗೆ ಹೋಗುವ ಬಾಗಿಲಲ್ಲಿ ಎಕ್ಸ್‌ವಿ6 ಲೆಕ್ಕ ನೋಡ್ತದೆ: ಪ್ರೊಸೆಸ್ಸಿನ ಸ್ವಂತ ಲಾಕ್ ಒಂದು ಬಿಟ್ಟು ಬೇರೆ ಸ್ಪಿನ್‌ಲಾಕ್ ಕೈಯಲ್ಲಿ ಉಂಟಾ ಅಂತ. ಇದ್ರೆ ಅಲ್ಲಿಗೇ ನಿಲ್ಲಿಸಿ ಬಿಡ್ತದೆ. ನಿಮ್ಮ ಮೇಲೆ ದಯೆ ಅಂತಲೇ ತಿಳ್ಕೊಳ್ಳಿ, ಇಲ್ಲದಿದ್ರೆ ಉಳಿದ ಸಿಪಿಯುಗಳು ಆ ಲಾಕಿಗಾಗಿ ಸುತ್ತುತ್ತಾ ಇಡೀ ಸಿಸ್ಟಮ್ ಮಾತಿಲ್ಲದೆ ಕೂರ್ತಿತ್ತು, ಮೆಸೇಜ್ ಕೂಡ ಸಿಗ್ತಿರ್ಲಿಲ್ಲ.

ಹಾಗಾದ್ರೆ ಲಾಕ್ ಹಿಡಿದ್ರೂ ಕಷ್ಟ, ಬಿಟ್ರೂ ಕಷ್ಟ ಅಲ್ವಾ? ಮೂಲ ಎಕ್ಸ್‌ವಿ6ರ ಫೈಲ್‌ಕ್ಲೋಸ್ ತೆರೆದು ಮೆಲ್ಲ ಓದಿ, ಇಪ್ಪತ್ತು ಚಿಲ್ಲರೆ ಸಾಲು. ಲಾಕ್ ಹಿಡಿದು ರೆಫ್ ಒಂದು ಕಮ್ಮಿ ಮಾಡ್ತದೆ, ಇನ್ನೂ ಯಾರಾದ್ರೂ ಹಿಡ್ಕೊಂಡಿದ್ರೆ ಲಾಕ್ ಬಿಟ್ಟು ವಾಪಸ್. ತಾನೇ ಕೊನೆಯವ ಆದ್ರೆ ಇಡೀ ಸ್ಟ್ರಕ್ಟನ್ನು ತನ್ನ ಸ್ಟ್ಯಾಕಿನಲ್ಲಿರುವ ಎಫ್‌ಎಫ್ ಅನ್ನುವ ವೇರಿಯೆಬಲ್ಲಿಗೆ ಕಾಪಿ ಮಾಡ್ತದೆ, ಆ ಜಾಗವನ್ನು ಖಾಲಿ ಅಂತ ಗುರುತು ಹಾಕ್ತದೆ, ಲಾಕ್ ಬಿಡ್ತದೆ, ಆಮೇಲೆ ಕಾಪಿಯಲ್ಲಿರುವ ಐನೋಡಿಗೆ ಐಪುಟ್ ಕರೀತದೆ. ಇಲ್ಲಿ "ಆಮೇಲೆ" ತಪ್ಪಲ್ಲ ಯಾಕೆ? ಲಾಕ್ ಬಿಡುವ ಹೊತ್ತಿಗೆ ಟೇಬಲ್ಲಿನ ಮಾತು ಪೂರ್ತಿ ನಿಜ ಆಗಿದೆ, ಎಣಿಕೆ ಸೊನ್ನೆ, ಹಿಡಿದವರು ಯಾರೂ ಇಲ್ಲ. ಲಾಕ್ ಬಿಟ್ಟ ಮರುಕ್ಷಣ ಬೇರೆ ಯಾರೋ ಬಂದು ಅದೇ ಜಾಗ ತಕ್ಕೊಂಡು ಹೊಸ ಫೈಲ್ ತುಂಬಿಸಿದ್ರೂ ನಮಗೆ ನಷ್ಟ ಇಲ್ಲ, ನಾವು ಇನ್ನು ಆ ಜಾಗ ಮುಟ್ಟುದಿಲ್ಲ, ನಮ್ಮ ಕಾಪಿ ನಮ್ಮ ಹತ್ರ ಉಂಟು. ಅಲ್ಲಿ ಎಫ್‌ಎಫ್ ಬದಲು ಹಳೇ ಪಾಯಿಂಟರನ್ನೇ ಉಪಯೋಗಿಸಿ ನೋಡಿ, ಬೇರೆಯವನ ಐನೋಡನ್ನು ಬಿಟ್ಟು ಬರ್ತೀರಿ. ಆ ಒಂದು ಕಾಪಿ ಸಾಲು ಯಾಕೆ ಉಂಟು ಅಂತ ಅರ್ಥ ಆದ್ರೆ ಈ ಲ್ಯಾಬಿನ ಅರ್ಧ ಕಲಿತ ಹಾಗೆ ಅಂತ ನಾನು ಹೇಳ್ತೇನೆ.

ಡಿಸ್ಕಿಗೆ ಹೋಗುವಾಗಲೂ ಹಿಡ್ಕೊಂಡೇ ಇರ್ಬೇಕಾದ ಲಾಕ್ ಬೇರೆ ಉಂಟು, ಐನೋಡಿನ ಸ್ಲೀಪ್‌ಲಾಕ್. ಅದು ಸಿಗದವ ಸುತ್ತುದಿಲ್ಲ, ಮಲಗ್ತಾನೆ. ಫೈಲ್‌ರೀಡ್‌ನಲ್ಲಿ ಐಲಾಕ್ ಮಾಡಿ, ಓದಿ, ಆಫ್‌ಸೆಟ್ ಮುಂದೆ ತಳ್ಳಿ, ಅಷ್ಟೂ ಆದ ಮೇಲೆ ಬಿಡುದು. ಆಫ್‌ಸೆಟ್ ತಳ್ಳುದನ್ನು ಹೊರಗೆ ಬಿಟ್ರೆ ಒಂದೇ ಫೈಲ್ ಹಂಚಿಕೊಂಡ ಅಪ್ಪ ಮಗ ಪ್ರೊಸೆಸ್ಸುಗಳು ಒಂದೇ ತುಂಡನ್ನು ಎರಡು ಸಲ ಓದ್ತಾರೆ, ಫೈಲ್‌ರೈಟ್‌ನಲ್ಲಾದ್ರೆ ಒಬ್ಬರ ಮೇಲೆ ಒಬ್ಬರು ಬರೀತಾರೆ. ಇದು ಮಕ್ಕಳ ತಪ್ಪು ಅಂತ ಬೇಜಾರು ಮಾಡ್ಬೇಡಿ, ಲಿನಕ್ಸಿನಲ್ಲೇ 2014ರ 3.14 ವರ್ಷನಿನವರೆಗೆ ಇದು ಇತ್ತು, ಒಂದೇ ಓಪನ್ ಫೈಲನ್ನು ಹಂಚಿಕೊಂಡ ಇಬ್ಬರು ಒಟ್ಟಿಗೆ ರೈಟ್ ಮಾಡಿದ್ರೆ ಆಫ್‌ಸೆಟ್ ಸರಿಯಾಗಿ ಮುಂದೆ ಹೋಗದೆ ಡೇಟಾ ಒಂದರ ಮೇಲೊಂದು ಬೀಳುವ ಸಾಧ್ಯತೆ ಇತ್ತು, ಪೋಸಿಕ್ಸ್ (ಯುನಿಕ್ಸ್ ಬಗೆಯ ಸಿಸ್ಟಮುಗಳಿಗೆ ಇರುವ ಸ್ಟಾಂಡರ್ಡ್) ಹಾಗೆ ಆಗಬಾರದು ಅಂತ ಹೇಳಿದ್ರೂ. ಡರ್ಟಿ ಕೌ ಅಂತ ಲಿನಕ್ಸಿನ ಒಂದು ಸೆಕ್ಯೂರಿಟಿ ದೋಷ ಕೇಳಿರ್ತೀರಿ, ಅದೂ ಹೀಗೆ ಯಾರು ಮೊದಲು ಅನ್ನುದರ ಮೇಲೆ ನಿಂತ ರೇಸ್ ಕಂಡಿಶನ್ನೇ, ಮೆಮೊರಿ ಕಡೆಯದ್ದು, ಓದ್ಲಿಕ್ಕೆ ಮಾತ್ರ ಪರ್ಮಿಶನ್ ಇರುವ ಫೈಲಿಗೂ ಬರೆಯುವ ದಾರಿ ಮಾಡಿಕೊಟ್ಟಿತ್ತು, 2007ರ ಕರ್ನಲಿನಿಂದ 2016ರ ಅಕ್ಟೋಬರಿನವರೆಗೆ ಒಳಗೇ ಇತ್ತು.

ಇನ್ನೊಂದು, ಮುಂದಿನ ಲ್ಯಾಬಿನಲ್ಲಿ ಪಾತ್ (ಫೈಲಿಗೆ ಹೋಗುವ ಡೈರೆಕ್ಟರಿಗಳ ದಾರಿ) ಹುಡುಕುವ ಕೋಡ್ ಬರ್ತದೆ. ಅಲ್ಲಿ ಒಂದು ಡೈರೆಕ್ಟರಿ ಲಾಕ್ ಹಿಡ್ಕೊಂಡೇ ಮುಂದಿನದ್ದರ ಲಾಕ್ ಹಿಡೀಲಿಕ್ಕೆ ಹೋಗ್ಬೇಡಿ. ಯಾರಾದ್ರೂ ಪಾತಿನಲ್ಲಿ ಒಂದು ಚುಕ್ಕಿ ಹಾಕಿದ್ರೆ ಮುಂದಿನದ್ದು ಅಂದ್ರೆ ಅದೇ ಡೈರೆಕ್ಟರಿ, ನೀವು ಹಿಡಿದ ಸ್ಲೀಪ್‌ಲಾಕಿಗೆ ನೀವೇ ಕಾದು ಮಲಗಿದ್ರೆ ಎಬ್ಬಿಸುವವರು ಯಾರೂ ಇಲ್ಲ. ಎಕ್ಸ್‌ವಿ6ರಲ್ಲಿ ಐಗೆಟ್ ಬೇರೆ, ಐಲಾಕ್ ಬೇರೆ ಇಟ್ಟದ್ದಕ್ಕೆ ಒಂದು ಕಾರಣ ಇದೇ. ಐಗೆಟ್ ಮಾಡಿದ್ರೆ ಐನೋಡ್ ಕೈತಪ್ಪಿ ಹೋಗುದಿಲ್ಲ ಅನ್ನುವ ಭರವಸೆ ಸಿಗ್ತದೆ, ಹಳೇದರ ಲಾಕ್ ಬಿಟ್ಟು ಆಮೇಲೆ ಹೊಸತಕ್ಕೆ ಲಾಕ್ ಹಾಕಬಹುದು. ಎರಡು ಲಾಕ್ ಒಟ್ಟಿಗೆ ಬೇಕೇ ಬೇಕು ಅಂತಾದ್ರೆ ಎಲ್ಲರೂ ಒಂದೇ ಕ್ರಮದಲ್ಲಿ ಹಿಡೀಬೇಕು. ಲಿನಕ್ಸಿನಲ್ಲಿ ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ರಿನೇಮ್ ಮಾಡುವಾಗ ಆ ಕ್ರಮ ಎಷ್ಟು ಸೂಕ್ಷ್ಮ ಅಂದ್ರೆ ಇಡೀ ಫೈಲ್‌ಸಿಸ್ಟಮಿಗೆ ಒಂದು ಪ್ರತ್ಯೇಕ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಲಾಕ್) ಹಿಡಿದೇ ಮುಂದೆ ಹೋಗ್ತಾರೆ. ಲಾಕ್ ಹಿಡಿಯುವ ಕ್ರಮ ತಪ್ಪಿದ್ರೆ ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾದು ಎಲ್ಲರೂ ನಿಂತು ಹೋಗುದು) ನಿಜವಾಗಿ ಆಗುವ ಮೊದಲೇ ಎಚ್ಚರಿಸುವ ಲಾಕ್‌ಡೆಪ್ ಅನ್ನುವ ಟೂಲ್ 2006ರಿಂದ ಕರ್ನಲಿನ ಒಳಗೇ ಉಂಟು, ಲಿನಕ್ಸಿನಲ್ಲಿ ಮಾಡ್ಯೂಲ್ ಬರೆಯುವ ದಿನ ಬಂದ್ರೆ ಮೊದಲು ಅದನ್ನು ಆನ್ ಮಾಡಿ ಇಟ್ಕೊಳ್ಳಿ.

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಅಡಿಕೆ ವ್ಯಾಪಾರ. ಬಿಲ್ಲಿಗೆ ನಾನೇ ಪೈಥಾನಿನಲ್ಲಿ ಸಣ್ಣ ಪ್ರೋಗ್ರಾಮ್ ಮಾಡಿದ್ದೇನೆ, ಲಿನಕ್ಸ್ ಕಂಪ್ಯೂಟರ್ ಒಂದೇ, ಅದರಲ್ಲಿ ಎರಡು ಕೌಂಟರಿಗೆ ಎರಡು ಸಲ ಓಡ್ತದೆ. ಕೊನೆಯ ಬಿಲ್ ನಂಬ್ರ ಒಂದು ಟೆಕ್ಸ್ಟ್ ಫೈಲಿನಲ್ಲಿ ಇರ್ತದೆ, ಓದಿ, ಒಂದು ಕೂಡಿಸಿ, ವಾಪಸ್ ಬರೀತದೆ. ಮೊನ್ನೆ ರಶ್ಶಿನಲ್ಲಿ 418 ನಂಬ್ರ ಎರಡು ಬಿಲ್ಲಿಗೆ ಬಿತ್ತು, ಒಂದು ಹೊಸ ಅಡಿಕೆಯದ್ದು, ಇನ್ನೊಂದು ಪಟೋರ ಅನ್ನುವ ದರ್ಜೆಯದ್ದು. ಲಾಕ್ ಅಂತ ಒಂದು ಫೈಲ್ ಉಂಟಾ ನೋಡಿ, ಇಲ್ಲದಿದ್ರೆ ಮಾಡುವ ಕೋಡ್ ಹಾಕಿದೆ. ಆದ್ರೂ ಮತ್ತೊಮ್ಮೆ ಹಾಗೇ ಆಯ್ತು, ಅಲ್ಲದೆ ಕರೆಂಟ್ ಹೋದ್ರೆ ಆ ಲಾಕ್ ಫೈಲ್ ಹಾಗೇ ಉಳಿದು ಬೆಳಿಗ್ಗೆ ಬಿಲ್ಲೇ ಆಗುದಿಲ್ಲ.

ಉತ್ತರ: ಮೇಲಿನ ಹುಡುಗನ ಕೋಡಿನಲ್ಲಿ ಇದ್ದ ಬಗ್ ಯಾವುದೋ ನಿಮ್ಮದ್ದೂ ಅದೇ. ಉಂಟಾ ಅಂತ ನೋಡುದು ಒಂದು ಕೆಲಸ, ಮಾಡುದು ಇನ್ನೊಂದು ಕೆಲಸ, ನಡುವೆ ಎರಡನೇ ಕೌಂಟರಿನವರೂ ನೋಡಿ "ಇಲ್ಲ" ಅಂತ ತಿಳ್ಕೊಂಡ್ರು. ಎರಡನ್ನೂ ಕರ್ನಲ್ಲೇ ಒಂದೇ ಏಟಿಗೆ ಮಾಡುವ ಹಾಗೆ ಓಪನಿಗೆ ಎಕ್ಸ್‌ಕ್ಲೂಸಿವ್ ಫ್ಲ್ಯಾಗ್ ಕೊಡಬಹುದು, ಪೈಥಾನಿನಲ್ಲಿ ಫೈಲ್ ಓಪನ್ ಮಾಡುವಾಗ ಎಕ್ಸ್ ಮೋಡ್ ಅಂತ ಉಂಟಲ್ಲ ಅದು, ಫೈಲ್ ಮೊದಲೇ ಇದ್ರೆ ಎರರ್ ಕೊಡ್ತದೆ. ಆದ್ರೆ ಮಳೆಗಾಲದಲ್ಲಿ ನಮ್ಮ ಊರಿನ ಕರೆಂಟ್ ಗೊತ್ತುಂಟಲ್ಲ, ಉಳಿದು ಹೋಗುವ ಫೈಲಿನ ತೊಂದರೆ ಅದರಿಂದ ಹೋಗುದಿಲ್ಲ. ಹಾಗಾಗಿ ಎಫ್‌ಲಾಕ್ ಉಪಯೋಗಿಸಿ. ಆ ಲಾಕ್ ಇರುದು ಕರ್ನಲಿನ ಮೆಮೊರಿಯಲ್ಲಿ, ಪ್ರೋಗ್ರಾಮ್ ಸತ್ತರೂ ಕರೆಂಟ್ ಹೋದರೂ ಅದು ತನ್ನಷ್ಟಕ್ಕೆ ಬಿಟ್ಟು ಹೋಗ್ತದೆ, ಲಾಕ್ ಫೈಲ್ ಡಿಸ್ಕಿನಲ್ಲಿ ಹಾಗೇ ಬಿದ್ದಿದ್ರೂ ತೊಂದರೆ ಇಲ್ಲ.

ಇದರಲ್ಲಿ ಜನ ಎಡವುವ ಜಾಗ ನಾಲ್ಕೈದು ಉಂಟು, ನೀವು ಎಡವಬಾರದು ಅಂತ ಹೇಳ್ತೇನೆ. ಎಫ್‌ಲಾಕ್ ಕೇಳುವವರಿಗೆ ಮಾತ್ರ ಲಾಕ್, ಕೇಳದೆ ನೇರ ಫೈಲ್ ತೆರೆದು ಬರೆಯುವ ಪ್ರೋಗ್ರಾಮನ್ನು ಅದು ತಡೆಯುದಿಲ್ಲ, ಹಾಗಾಗಿ ನಂಬ್ರ ಮುಟ್ಟುವ ಪ್ರತಿಯೊಂದು ಕೋಡೂ ಲಾಕ್ ಕೇಳಲೇಬೇಕು. ಪೈಥಾನಿನಲ್ಲಿ ಎಫ್‌ಲಾಕ್ ಮತ್ತು ಲಾಕ್‌ಎಫ್ ಅಂತ ಹೆಸರಲ್ಲಿ ಅಣ್ಣ ತಮ್ಮನ ಹಾಗೆ ಎರಡು ಫಂಕ್ಷನ್ ಉಂಟು, ಎರಡನೇದು ಪೋಸಿಕ್ಸ್ ಲಾಕ್, ಅದರಲ್ಲಿ ನಿಮ್ಮ ಪ್ರೋಗ್ರಾಮಿನ ಬೇರೆ ಯಾವುದೋ ಮೂಲೆಯಲ್ಲಿ ಅದೇ ಫೈಲನ್ನು ಇನ್ನೊಮ್ಮೆ ತೆರೆದು ಮುಚ್ಚಿದ್ರೆ ಸಾಕು, ಇಡೀ ಪ್ರೊಸೆಸ್ಸಿನ ಲಾಕ್ ಹೋಗ್ತದೆ, ಹೇಳದೆ ಕೇಳದೆ. ನಿಮಗೆ ಅದು ಬೇಡ. ಮತ್ತೆ ಬಫರ್: ಪೈಥಾನಿನಲ್ಲಿ ರೈಟ್ ಮಾಡಿದ ಕೂಡ್ಲೆ ಅಕ್ಷರ ಫೈಲಿಗೆ ಹೋಗುದಿಲ್ಲ, ಪ್ರೋಗ್ರಾಮಿನ ಬಫರಿನಲ್ಲಿ ಕೂತಿರ್ತದೆ. ಕೂತಿರುವಾಗಲೇ ನೀವು ಅನ್‌ಲಾಕ್ ಮಾಡಿದ್ರೆ ಇನ್ನೊಂದು ಕೌಂಟರಿನವರು ಲಾಕ್ ಹಿಡಿದು ಹಳೇ 417 ಅನ್ನೇ ಓದ್ತಾರೆ, ಎಲ್ಲ ಸರಿಯಾಗಿ ಮಾಡಿಯೂ 418 ಎರಡು ಸಲ. ಅನ್‌ಲಾಕ್ ಮಾಡುವ ಮೊದಲು ಫ್ಲಶ್ ಮಾಡಿ (ಬಫರಿನಲ್ಲಿದ್ದದ್ದನ್ನು ಕರ್ನಲಿಗೆ ಕಳಿಸುದು), ಕರೆಂಟಿನ ಭಯ ಇರುದ್ರಿಂದ ಎಫ್‌ಸಿಂಕ್ (ಡಿಸ್ಕಿಗೇ ಬರೆಸುದು) ಕೂಡ ಮಾಡಿ.

ಕೊನೆಯದ್ದು ಸ್ವಲ್ಪ ಆಳದ್ದು. ಹೊಸ ನಂಬ್ರವನ್ನು ಬೇರೆ ಫೈಲಿನಲ್ಲಿ ಬರೆದು ಹಳೇದರ ಮೇಲೆ ರಿನೇಮ್ ಮಾಡುದು ಒಳ್ಳೆ ಕ್ರಮ, ಅರ್ಧ ಬರೆದ ಫೈಲ್ ಯಾರಿಗೂ ಕಾಣುದಿಲ್ಲ. ಆದ್ರೆ ಲಾಕನ್ನು ಆ ನಂಬ್ರದ ಫೈಲಿಗೇ ಹಾಕಿದ್ರೆ ಕೆಟ್ಟಿತು. ಎಫ್‌ಲಾಕ್ ಅಂಟಿಕೊಳ್ಳುದು ಫೈಲಿನ ಹೆಸರಿಗಲ್ಲ, ಐನೋಡಿಗೆ. ಕಾಯ್ತಾ ಇದ್ದವ ತೆರೆದಿಟ್ಟದ್ದು ಹಳೇ ಐನೋಡ್, ನೀವು ರಿನೇಮ್ ಮಾಡಿದ ಮೇಲೆ ಆ ಹೆಸರಿನಲ್ಲಿರುದು ಹೊಸತು, ಅವನಿಗೆ ಹಳೇದರ ಲಾಕ್ ಸಿಗ್ತದೆ, ಮೂರನೆಯವ ಬಂದು ಹೊಸತರ ಲಾಕ್ ಹಿಡೀತಾನೆ, ಇಬ್ಬರೂ ಒಳಗೆ. ಲಾಕಿಗೆ ಅಂತಲೇ ಬೇರೆ ಒಂದು ಖಾಲಿ ಫೈಲ್ ಇಡಿ, ಅದನ್ನು ಯಾವತ್ತೂ ಅಳಿಸಬೇಡಿ, ರಿನೇಮ್ ಮಾಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಕೇಳಿದ್ರೆ, ಹಣದ ಲೆಕ್ಕ ಆದ್ದರಿಂದ ಟೆಕ್ಸ್ಟ್ ಫೈಲ್ ಬಿಟ್ಟು ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸಿಗೆ ಹೋಗಿ. ಪೈಥಾನಿನ ಒಟ್ಟಿಗೇ ಬರ್ತದೆ, ಈ ಲಾಕಿಂಗ್ ಎಲ್ಲ ಅದರ ಒಳಗೆ ಮಾಡಿಟ್ಟಿದ್ದಾರೆ. ಅಲ್ಲಿಯೂ ಓದಿ ಕೂಡಿಸಿ ಬರೆಯುದು ಒಂದೇ ಟ್ರಾನ್ಸಾಕ್ಷನಿನ ಒಳಗೆ ಇರ್ಲಿ, "ಬಿಗಿನ್ ಇಮ್ಮಿಡಿಯೆಟ್" ಅಂತ ಶುರು ಮಾಡಿದ್ರೆ ಓದುವ ಮೊದಲೇ ಬರೆಯುವ ಲಾಕ್ ನಿಮ್ಮ ಕೈಗೆ ಬರ್ತದೆ. ಬಿಲ್ ನಂಬ್ರದ ಕಾಲಮಿಗೆ ಯುನೀಕ್ ಅಂತಲೂ ಹಾಕಿ, ನಿಮ್ಮ ಕೋಡ್ ತಪ್ಪಿದ್ರೂ ಎರಡನೇ 418 ಒಳಗೆ ಹೋಗ್ಲಿಕ್ಕೆ ಅದು ಬಿಡುದಿಲ್ಲ.

ಪ್ರಶ್ನೆ: ಮಂಜೇಶ್ವರದವಳು, ಈಗ ಕೆಲಸದಲ್ಲಿ ಸ್ಟೋರೇಜ್ ಟೀಮಿನಲ್ಲಿದ್ದೇನೆ. ಒಂದೇ ದೊಡ್ಡ ಲಾಕ್ ಇಟ್ರೆ ಸ್ಲೋ ಅಂತ ನಮ್ಮ ಟೀಮಿನವರು ಶುರುವಿನಿಂದಲೇ ಪ್ರತಿ ಫೀಲ್ಡಿಗೂ ಒಂದೊಂದು ಲಾಕ್ ಇಡ್ಬೇಕು ಅಂತಾರೆ. ಸರಿಯಾ?

ಉತ್ತರ: ಶುರುವಿನಲ್ಲೇ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಲಿನಕ್ಸಿಗೆ 1996ರ 2.0 ವರ್ಷನಿನಲ್ಲಿ ಒಂದಕ್ಕಿಂತ ಹೆಚ್ಚು ಸಿಪಿಯುಗಳ ಸಪೋರ್ಟ್ ಬಂದಾಗ ಇಡೀ ಕರ್ನಲಿಗೆ ಒಂದೇ ಲಾಕ್ ಇತ್ತು, ಬಿಗ್ ಕರ್ನಲ್ ಲಾಕ್ ಅಂತ. ಅದನ್ನು ಒಂದೊಂದೇ ಕಡೆಯಿಂದ ಬಿಡಿಸ್ತಾ ಬಂದು ಪೂರ್ತಿ ತೆಗೆದು ಹಾಕಿದ್ದು 2011ರಲ್ಲಿ, 2.6.39ರಲ್ಲಿ. ಹದಿನೈದು ವರ್ಷ. ಅಷ್ಟು ದಿನ ಹಿಡಿದದ್ದು ಯಾಕಂದ್ರೆ ಆ ಲಾಕ್ ಯಾವ ಮಾತನ್ನು ಕಾಯ್ತದೆ ಅಂತ ಎಲ್ಲಿಯೂ ಬರೆದಿರ್ಲಿಲ್ಲ, ಪ್ರತಿ ಕಡೆ ಓದಿ ಕಂಡುಹಿಡೀಬೇಕಾಯ್ತು, ಅದರಲ್ಲೂ ಫೈಲ್ ಲಾಕ್‌ಗಳನ್ನೇ ನೋಡಿಕೊಳ್ಳುವ ಕೋಡ್ ಕೊನೆಕೊನೆಗೆ ಬಿಟ್ಟುಕೊಟ್ಟವುಗಳಲ್ಲಿ ಒಂದು. ಹಾಗಾಗಿ ದೊಡ್ಡ ಲಾಕ್ ಇಟ್ಟುಕೊಳ್ಳಿ, ಆದ್ರೆ ಅದು ಎಂತ ಕಾಯ್ತದೆ ಅಂತ ಬರೆದು ಇಟ್ಟುಕೊಳ್ಳಿ. ಅಳೆದು ನೋಡಿ, ನಿಜವಾಗಿ ಕಾಯುದು ಎಲ್ಲಿ ಅಂತ ಗೊತ್ತಾದ ಮೇಲೆ ಅಲ್ಲಿ ಮಾತ್ರ ಬಿಡಿಸಿ. ಹೆಚ್ಚಿನ ಕಡೆ ಓದುವವರೇ ಜಾಸ್ತಿ ಇರ್ತಾರೆ, ಆಗ ಓದುವವರು ಎಷ್ಟು ಜನ ಬೇಕಾದ್ರೂ ಒಟ್ಟಿಗೆ, ಬರೆಯುವವ ಒಬ್ಬನೇ ಅನ್ನುವ ರೀಡರ್ ರೈಟರ್ ಲಾಕಿನಲ್ಲೇ ಕೆಲಸ ಆಗ್ತದೆ. ಲಿನಕ್ಸಿನಲ್ಲಿ ಐನೋಡಿನ ಮ್ಯೂಟೆಕ್ಸನ್ನು 2016ರ 4.7ರಲ್ಲಿ ಅಂಥದ್ದಕ್ಕೆ ಬದಲಾಯಿಸಿದ್ರು, ಒಂದೇ ಡೈರೆಕ್ಟರಿಯಲ್ಲಿ ಹತ್ತು ಪ್ರೊಸೆಸ್ ಬೇರೆ ಬೇರೆ ಹೆಸರು ಹುಡುಕುವಾಗ ಒಂದಕ್ಕೊಂದು ಕಾಯುದು ಅಲ್ಲಿಗೆ ನಿಂತಿತು.